ಕಣ್ಣು ಮುಚ್ಚಿ ನಿಂತಾಗ

ಹೋದ ವರ್ಷ ಹುತ್ತರಿಯ ರಾತ್ರಿ ನಾನು ಗದ್ದೆಗೆ ಬಿದ್ದೆ. ಕದಿರು ಕೊಯ್ಯಲು ಮನೆಮಂದಿಯೆಲ್ಲ ದೀಪ ಹಿಡಿದು ಇಳಿದಿದ್ದೆವು. ಮುಂದೆ ನಮ್ಮ ಮನೆಯವರು, ಹಿಂದೆ ಮೈದುನನ ಮಕ್ಕಳು, ನಡುವೆ ನಾನು. ಬದುವಿನ ಮೇಲೆ ಸಾಲಾಗಿ ನಿಂತೆವು. ಕೋವಿಯ ಗುಂಡು ಹಾರಿತು. ‘ಪೊಲಿ ಪೊಲಿ ದೇವಾ’ ಎಂದು ಎಲ್ಲರೂ ಕೂಗಿದರು. ನಾನು ಕಾಲು ಜೋಡಿಸಿ, ಕೈ ಮುಗಿದು, ಕಣ್ಣು ಮುಚ್ಚಿದೆ. ಅಷ್ಟೇ. ಅದರ ನಂತರ ನೆನಪಿರುವುದು ಎಡ ಮುಂಗೈ ಮೈಯ ಅಡಿಗೆ ಸಿಕ್ಕಿ ಲಟಕ್ಕೆಂದದ್ದು, ಬಾಯೊಳಗಿನ ಕೆಸರಿನ ರುಚಿ.

“ಅಕ್ಕ ಬೆಳಗಿನಿಂದ ಸರಿಯಾಗಿ ಏನೂ ತಿಂದಿರಲಿಲ್ಲ, ಅದಕ್ಕೇ ಹೀಗಾಯ್ತು” ಎಂದಳು ಓರಗಿತ್ತಿ. ಏಡಿ ಕೊರೆದು ಬದು ಸಡಿಲವಾಗಿತ್ತು ಎಂದ ಮೈದುನ. ಮೂಳೆ ಕೂಡಿಸಿದ ವೈದ್ಯರು “ಅರುವತ್ತಾಯ್ತಲ್ಲ ಟೀಚರ್, ಮೂಳೆ ಸವೆದಿರುತ್ತೆ” ಎಂದು ಕ್ಯಾಲ್ಸಿಯಂ ಬರೆದುಕೊಟ್ಟರು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಅವರು ಕೇಳಿದ್ದರು. ನಾನು ಬಿಪಿಯದ್ದನ್ನು ಮಾತ್ರ ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ.

ಆ ಇನ್ನೊಂದು ಮಾತ್ರೆ ನಮ್ಮ ಅಡುಗೆಮನೆಯ ಏಲಕ್ಕಿ ಡಬ್ಬಿಯೊಳಗೆ ಇರುತ್ತಿತ್ತು. ಆರು ವರ್ಷದಿಂದ ಅಲ್ಲೇ ಇತ್ತು. ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್, ದಿನಕ್ಕೆ 20 ಮಿಲಿಗ್ರಾಂ. ಅದನ್ನು ನಾನು ಮಡಿಕೇರಿಯ ಅಂಗಡಿಗಳಲ್ಲಿ ಕೊಳ್ಳುತ್ತಿರಲಿಲ್ಲ. ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳಿಗೆ ಯಾವ ಮೆಡಿಕಲ್ ಅಂಗಡಿಗೆ ಹೋದರೂ ಕೌಂಟರಿನ ಹಿಂದೆ ಒಬ್ಬ ಶಿಷ್ಯ ನಿಂತಿರುತ್ತಾನೆ. ಹಾಗಾಗಿ ಎರಡು ತಿಂಗಳಿಗೊಮ್ಮೆ ಮೈಸೂರಿಗೆ ಹೋದಾಗ ಅಲ್ಲಿಂದಲೇ ತರುತ್ತಿದ್ದೆ. ನಮ್ಮ ಮನೆಯವರಿಗೂ ಮಗನಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಶುರುವಾದದ್ದು 2018ರ ಆಗಸ್ಟ್‌ನಿಂದ. ಆ ಮಳೆಯನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಬರೆ ಜರಿದು ಮನೆಗಳೂ ತೋಟಗಳೂ ರಸ್ತೆಗಳೂ ಕೊಚ್ಚಿಹೋದವು. ನಮ್ಮ ಮನೆ ಉಳಿಯಿತು. ಹಿಂದಿನ ಗುಡ್ಡದ ಒಂದು ಮಗ್ಗುಲು ಮರಗಳ ಸಮೇತ ಇಳಿದು ತೋಟದ ಕೆಳಗಿನ ತಿಟ್ಟಿನಲ್ಲಿ ನಿಂತಿತು. ಆಮೇಲಿನ ನಾಲ್ಕೈದು ತಿಂಗಳು ನಾನು ನಿಂತಲ್ಲಿ ನಿಲ್ಲಲಿಲ್ಲ: ಪರಿಹಾರ ಕೇಂದ್ರ, ಮಕ್ಕಳಿಗೆ ಪುಸ್ತಕ, ಯಾರದೋ ಆಧಾರ್ ಕಾರ್ಡ್, ಯಾರದೋ ಪಹಣಿ. ಎಲ್ಲರೂ ಒಂದು ದಾರಿಗೆ ಬಂದ ಮೇಲೆ, ಕಾಫಿ ಕೊಯ್ಲಿನ ನಡುವೆ, ಒಂದು ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಅಳು ಕೂಡ ಬರಲಿಲ್ಲ. ಒಲೆ ಹಚ್ಚಬೇಕು ಎನ್ನುವುದು ತಲೆಯಲ್ಲಿತ್ತು, ಕೈಗೆ ಇಳಿಯುತ್ತಿರಲಿಲ್ಲ. ಬಿಸಿಲಿದ್ದರೂ ಶೀಟಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಹಿತ್ತಲ ಬಾವಿಯ ಕಡೆ ನೋಡಲು ಹೆದರುತ್ತಿದ್ದೆ. ಯಾಕೆಂದು ಬಿಡಿಸಿ ಬರೆಯಬೇಕಿಲ್ಲ.

ಆ ಮಾತ್ರೆ ನನ್ನನ್ನು ಬದುಕಿಸಿತು. ಮುಂದೆ ನಾನು ಏನೇ ಬರೆದರೂ ಈ ಮಾತನ್ನು ಯಾರೂ ಮರೆಯಬಾರದು. ಆರನೇ ವಾರದಲ್ಲಿ ಒಂದು ಸಂಜೆ ಬೈನೆ ಮರದ ಮೇಲೆ ಕೂತು ಮಂಗಟ್ಟೆ ಹಕ್ಕಿ ಕೂಗಿತು. ನಾನು ಹೊರಗೆ ಹೋಗಿ ತಲೆಯೆತ್ತಿ ನೋಡಿದೆ. ಅಂಗಳಕ್ಕೆ ನಾನಾಗಿಯೇ ಇಳಿದದ್ದು ತಿಂಗಳುಗಳ ನಂತರ ಅದೇ ಮೊದಲು ಎಂದು ನಮ್ಮ ಮನೆಯವರು ಆಮೇಲೆ ಹೇಳಿದರು.

ಬಿದ್ದದ್ದು ಆ ರಾತ್ರಿಯಾದರೂ ಕಾಲು ಹೇಳತೊಡಗಿ ವರ್ಷವೇ ಆಗಿತ್ತು. ಮೊದಲು ಬಚ್ಚಲಲ್ಲಿ. ಹಂಡೆಯಿಂದ ನೀರು ತೋಡಿ ತಲೆಗೆ ಹೊಯ್ದುಕೊಂಡು, ಸೀಗೆಪುಡಿಗೆ ಕಣ್ಣು ಮುಚ್ಚಿದರೆ ಮೈ ಬಲಕ್ಕೆ ವಾಲುತ್ತಿತ್ತು. ನನಗೆ ತಿಳಿಯದೆಯೇ ಒಂದು ಕೈ ಗೋಡೆಗೆ ಹೋಗುತ್ತಿತ್ತು. ಆಮೇಲೆ ಕಕ್ಕಡದ ಮಳೆಯಲ್ಲಿ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಕತ್ತಲಲ್ಲಿ ಕೊಟ್ಟಿಗೆಗೆ ಹೋಗುವಾಗ, ಹಗಲು ಯೋಚಿಸದೆ ಓಡಾಡುವ ಅದೇ ಅಂಗಳದಲ್ಲಿ, ತೂಗುಸೇತುವೆಯ ಮೇಲೆ ನಡೆದ ಹಾಗಾಗುತ್ತಿತ್ತು. ಗಂಬೂಟು ಹಾಕಿಕೊಂಡರೆ ಇನ್ನೂ ಕೆಟ್ಟದಾಗುತ್ತಿತ್ತು. ಬರಿಗಾಲಲ್ಲಿ ಪಾಚಿ ಕಲ್ಲೇ ವಾಸಿ ಅನ್ನಿಸುತ್ತಿತ್ತು. ಇದ್ಯಾವುದನ್ನೂ ನಾನು ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ. ಬಚ್ಚಲದ್ದು ಜಾರಿಕೆ, ಕತ್ತಲದ್ದು ಕಣ್ಣಿನ ಪೊರೆ, ಗಂಬೂಟಿನದ್ದು ಸೈಜು ಎಂದುಕೊಂಡಿದ್ದೆ.

ಕೈಗೆ ಹಾಕಿದ ಪ್ಲಾಸ್ಟರ್ ಬಿಚ್ಚಿದ ತಿಂಗಳು ಬಚ್ಚಲಲ್ಲಿ ಮತ್ತೆ ಬೀಳುವುದರಲ್ಲಿದ್ದೆ. ಮಗ ಬೆಂಗಳೂರಿನಿಂದ ಬಂದು, ಕೇಳದೆ, ಮೈಸೂರಿನಲ್ಲಿ ಒಬ್ಬರು ನರರೋಗ ತಜ್ಞೆಯ ಹತ್ತಿರ ಕರೆದುಕೊಂಡು ಹೋದ. “ಅವ್ವಾ, ಎಲ್ಲ ಮಾತ್ರೆಯೂ ತಗೊಂಡು ಬಾ. ಏಲಕ್ಕಿ ಡಬ್ಬಿದೂ” ಎಂದ.

ಆ ವೈದ್ಯೆ ಕೇಳಿದ ಮೊದಲ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. “ತಲೆಸುತ್ತು ಅಂತೀರಲ್ಲ ಅಮ್ಮಾ, ಅದು ಹೇಗೆ ಆಗುತ್ತೆ ಹೇಳಿ. ತಲೆಸುತ್ತು ಅನ್ನೋ ಪದ ಬಿಟ್ಟು ಹೇಳಿ.” ನನಗೆ ತಬ್ಬಿಬ್ಬಾಯಿತು. ಕನ್ನಡ ಟೀಚರಿಗೆ ಪದ ಸಿಗಲಿಲ್ಲ. ಆಮೇಲೆ ನಿಧಾನವಾಗಿ ಒಂದೊಂದೇ ಬಂತು. ಹಾಸಿಗೆಯಿಂದ ದಡಕ್ಕನೆ ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ನಡೆಯುವಾಗ ಆಯ ತಪ್ಪುತ್ತದೆ, ಜೋಲಿ ಹೊಡೆಯುತ್ತದೆ, ಆದರೆ ಆಗ ತಲೆ ಸರಿಯಾಗಿಯೇ ಇರುತ್ತದೆ. ಕೋಣೆ ಗಿರಗಿರ ತಿರುಗಿದ್ದು ಮಾತ್ರ ಯಾವತ್ತೂ ಇಲ್ಲ.

ಈ ಮೂರಕ್ಕೂ ನಾವು ತಲೆಸುತ್ತು ಎಂದೇ ಹೇಳಿಬಿಡುತ್ತೇವೆ. ಆದರೆ ನಮ್ಮ ಭಾಷೆಯಲ್ಲೇ ಮೂರಕ್ಕೂ ಬೇರೆ ಬೇರೆ ಮಾತಿದೆ, ಮೂರಕ್ಕೂ ಬೇರೆ ಬೇರೆ ಮೂಲವೂ ಇದೆ. ಸುತ್ತಲಿನದೆಲ್ಲ ತಿರುಗಿದರೆ ಹೆಚ್ಚಾಗಿ ಒಳಕಿವಿಯ ಕಡೆ ನೋಡಬೇಕು. ಕಣ್ಣಿಗೆ ಕತ್ತಲೆ ಕಟ್ಟಿದರೆ ಎದ್ದು ನಿಂತಾಗಿನ ರಕ್ತದೊತ್ತಡ ನೋಡಬೇಕು. ತಲೆ ನೆಟ್ಟಗಿದ್ದು ಕಾಲು ಮಾತ್ರ ಆಯ ತಪ್ಪಿದರೆ ನರ, ಮಿದುಳು, ಔಷಧಿ ಎಲ್ಲವನ್ನೂ ಜಾಲಾಡಬೇಕು. ವೈದ್ಯರ ಮುಂದೆ ಕೂತಾಗ ‘ತಲೆಸುತ್ತು’ ಎನ್ನುವ ಒಂದೇ ಮಾತಿಗೆ ನಿಲ್ಲಬೇಡಿ. ಅಜ್ಜಿಯಂದಿರು ಹೇಳುತ್ತಿದ್ದ ಹಾಗೆ ಬಿಡಿಸಿ ಹೇಳಿ.

ಆಮೇಲೆ ಅವರು ನನ್ನನ್ನು ನಿಲ್ಲಿಸಿದರು. “ಎರಡೂ ಪಾದ ಜೋಡಿಸಿ. ಕೈ ಎದೆಗೆ ಕಟ್ಟಿಕೊಳ್ಳಿ. ಈಗ ಕಣ್ಣು ಮುಚ್ಚಿ.” ಅವರ ಎರಡು ಕೈ ನನ್ನ ಭುಜದ ಎರಡು ಕಡೆ, ಮುಟ್ಟದೆ, ಕಾದಿದ್ದವು. ನಾನು ಹತ್ತು ಎಣಿಸುವ ಮೊದಲೇ ಬಲಕ್ಕೆ ವಾಲಿ ಅವರ ಅಂಗೈಗೆ ತಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಮೋರಿಟ್ಸ್ ರೋಂಬರ್ಗ್ ಎಂಬ ವೈದ್ಯರು ಗುರುತಿಸಿದ ಪರೀಕ್ಷೆಯಂತೆ ಅದು. ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ. ನನಗೆ ಮೈ ಜುಮ್ಮೆಂದಿತು. ಕಾಲು ಜೋಡಿಸಿ, ಕೈ ಮುಗಿದು, ಕಣ್ಣು ಮುಚ್ಚಿ ಹುತ್ತರಿಯ ರಾತ್ರಿ ಬದುವಿನ ಮೇಲೆ ನಾನು ನಿಂತದ್ದೂ ಹೀಗೆಯೇ.

ಮನುಷ್ಯ ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಬರುವ ಸುದ್ದಿಯಿಂದ ಎಂದು ಅವರು ವಿವರಿಸಿದರು. ಕಣ್ಣು ಒಂದು. ಒಳಕಿವಿ ಇನ್ನೊಂದು, ಅಲ್ಲಿ ತಲೆಯ ತಿರುವನ್ನು ಅಳೆಯುವ ಮೂರು ಅರೆವೃತ್ತದ ನಾಳಗಳೂ, ವಾಲುವಿಕೆಯನ್ನು ಅಳೆಯುವ ಎರಡು ಪುಟ್ಟ ಚೀಲಗಳೂ ಇವೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಅರಿವು. ಮೂರನ್ನೂ ಮಿದುಳಿನ ಕಾಂಡವೂ ಕಿರುಮಿದುಳೂ ಸೇರಿ ಹೊಂದಿಸಿ, ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ಕ್ಷಣಕ್ಷಣಕ್ಕೆ ಹೇಳುತ್ತವೆ. ಒಲೆಯ ಮೂರು ಗುಂಡಿನ ಹಾಗೆ ಎಂದುಕೊಂಡೆ ನಾನು. ಉಳಿದೆರಡು ಗಟ್ಟಿಯಿದ್ದರೆ ಕಣ್ಣು ಮುಚ್ಚಿದರೂ ಪಾತ್ರೆ ಸ್ವಲ್ಪ ಹೊತ್ತು ನಿಂತೀತು. ನನಗೆ ಎಲ್ಲ ಭಾರವೂ ಕಣ್ಣಿನ ಮೇಲೆಯೇ ಬಿದ್ದಿತ್ತು. ಸೀಗೆಪುಡಿ, ಕತ್ತಲೆ, ಪ್ರಾರ್ಥನೆ: ಕಣ್ಣಿನ ಗುಂಡು ಕಳಚಿದ ಕಡೆಯಲ್ಲೆಲ್ಲ ನಾನು ವಾಲುತ್ತಿದ್ದೆ.

ಹಾಗಾದರೆ ಮಾತ್ರೆಯ ಪಾಲು ಏನು? ಮಲಗಿಸಿ ನನ್ನ ಬಿಪಿ ನೋಡಿದರು: 136/82. ನಿಲ್ಲಿಸಿ, ಮೂರು ನಿಮಿಷದ ನಂತರ: 110/70. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಲೇಬೇಕಾದ ಇಳಿತ. ನನಗೆ ಎರಡೂ ಇಳಿದಿದ್ದವು. ವರ್ಷಗಟ್ಟಲೆ ಬಿಪಿ ನೋಡಿಸಿಕೊಂಡಿದ್ದೇನೆ, ಎಲ್ಲವೂ ಕುರ್ಚಿಯಲ್ಲಿ ಕೂತೇ. ನಿಲ್ಲಿಸಿ ನೋಡಲು ಐದು ನಿಮಿಷವೂ ಬೇಡ, ಯಂತ್ರವೂ ಬೇರೆ ಬೇಡ.

ಆಮೇಲೆ ರಕ್ತಪರೀಕ್ಷೆ. ಸೋಡಿಯಂ 128 ಇತ್ತು. 135ರಿಂದ 145ರ ನಡುವೆ ಇರಬೇಕಾದದ್ದು. ಎಸಿಟಾಲೋಪ್ರಾಮ್, ಸರ್ಟ್ರಲಿನ್, ಫ್ಲೂಯಾಕ್ಸೆಟಿನ್ ಈ ಗುಂಪಿನ ಮಾತ್ರೆಗಳು ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ದೇಹ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ರಕ್ತದ ಸೋಡಿಯಂ ಇಳಿಸುತ್ತವೆ. ಸಾಮಾನ್ಯವಾಗಿ ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲೇ ಕಾಣಿಸುತ್ತದೆ. ನನಗೆ ಆರು ವರ್ಷದ ನಂತರ ಯಾಕೆ? ಯಾಕೆಂದರೆ ಬೀಳುವ ಎಂಟು ತಿಂಗಳ ಮೊದಲು ಬೇರೊಬ್ಬ ವೈದ್ಯರು ಬಿಪಿಗೆಂದು ಥಯಾಜೈಡ್ ಗುಂಪಿನ, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದ್ದರು. ಅದೂ ಸೋಡಿಯಂ ಇಳಿಸುತ್ತದೆ. ಎರಡೂ ಕೈ ಜೋಡಿಸಿದ್ದವು. ಸೋಡಿಯಂ ಇಷ್ಟು ಇಳಿದರೆ ಬೇರೆ ಲಕ್ಷಣ ಕಾಣದಿದ್ದರೂ ನಡಿಗೆ ಅಲುಗಾಡಬಹುದು, ಗಮನ ಮಸುಕಾಗಬಹುದು.

ಆ ಬಿಪಿ ವೈದ್ಯರನ್ನು ನಾನು ದೂರಲಾರೆ. ಅವರಿಗೆ ಏಲಕ್ಕಿ ಡಬ್ಬಿಯ ಸುದ್ದಿ ಗೊತ್ತಿರಲಿಲ್ಲ. ಮಾತ್ರೆಯನ್ನು ನಾನು ಬಚ್ಚಿಟ್ಟೆ. ನಾನು ಬಿದ್ದ ಕಾರಣವೂ ಅದರ ಜೊತೆಗೇ ಅಲ್ಲಿ ಬಚ್ಚಿಟ್ಟುಕೊಂಡಿತು.

ಇನ್ನೂ ಒಂದಿದೆ. ಈ ಮಾತ್ರೆ ಮಿದುಳಿನಲ್ಲಿ ಹೆಚ್ಚಿಸುವ ಸೆರೊಟೋನಿನ್ ಎಂದರೆ ಮನಸ್ಸಿನ ಸಂತೋಷದ ರಸ ಎಂದು ಎಲ್ಲೆಲ್ಲೋ ಓದಿ ನಂಬಿದ್ದೆ. ಅದು ಅಷ್ಟು ಸರಳವಲ್ಲ. ಮಿದುಳಿನ ಕಾಂಡದಿಂದ ಹೊರಡುವ ಸೆರೊಟೋನಿನ್ ನರಗಳು ಒಳಕಿವಿಯ ಸುದ್ದಿ ಬಂದಿಳಿಯುವ ಕೇಂದ್ರಗಳಿಗೂ, ಕಿರುಮಿದುಳಿಗೂ, ಬೆನ್ನುಹುರಿಗೂ ಹೋಗುತ್ತವೆ. ಮನಸ್ಸಿಗೆಂದು ನುಂಗಿದ್ದು ಮನಸ್ಸಿಗಷ್ಟೇ ಹೋಗುವುದಿಲ್ಲ. ನನ್ನ 20 ಮಿಲಿಗ್ರಾಂ ನಿಗದಿಯಾದದ್ದು ನನಗೆ ಐವತ್ತನಾಲ್ಕು ಇದ್ದಾಗ. ವಯಸ್ಸಾದ ಮೇಲೆ ದೇಹ ಈ ಮಾತ್ರೆಯನ್ನು ನಿಧಾನವಾಗಿ ಹೊರಹಾಕುತ್ತದೆ. ವೃದ್ಧರಿಗೆ ಸಾಮಾನ್ಯವಾಗಿ ಸೂಚಿಸುವುದು 10 ಮಿಲಿಗ್ರಾಂ. ನಾನು ಮೆಲ್ಲನೆ ಮುಪ್ಪಿನ ಕಡೆಗೆ ನಡೆಯುತ್ತಿದ್ದೆ, ಚೀಟಿ ಮಾತ್ರ ಇದ್ದಲ್ಲೇ ನಿಂತಿತ್ತು. ಮೊದಲ ವರ್ಷದ ನಂತರ ಅದು ಬರೀ ಮುಂದುವರಿಕೆ. “ಹೇಗಿದ್ದೀರಿ?” “ಪರವಾಗಿಲ್ಲ.” “ಅದೇ ಮುಂದುವರಿಸಿ.” ಮನಸ್ಸು ಹೇಗಿದೆ ಎಂದು ಕೇಳಿದರು. ಕಾಲು ಹೇಗಿದೆ ಎಂದು ಯಾರೂ ಕೇಳಲಿಲ್ಲ, ಕಾಲಿನ ಮಾತು ಅಲ್ಲಿ ಆಡಬಹುದೆಂದು ನನಗೂ ತೋಚಲಿಲ್ಲ.

ಅಮೆರಿಕದ ವೃದ್ಧವೈದ್ಯರು ಬಳಸುವ ಒಂದು ಪಟ್ಟಿಯಿದೆ; ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಆರಂಭಿಸಿದ್ದು, ಕಾಲಕಾಲಕ್ಕೆ ತಿದ್ದುತ್ತಾರೆ. ಒಮ್ಮೆ ಬಿದ್ದ, ಮೂಳೆ ಮುರಿದುಕೊಂಡ ವೃದ್ಧರಿಗೆ ಬೇರೆ ದಾರಿಯಿದ್ದರೆ ತಪ್ಪಿಸಬೇಕಾದ ಔಷಧಿಗಳಲ್ಲಿ ಖಿನ್ನತೆಯ ಈ ಮಾತ್ರೆಗಳೂ ಇವೆ. ‘ಬೇರೆ ದಾರಿಯಿದ್ದರೆ’ ಎನ್ನುವುದನ್ನು ಗಟ್ಟಿಯಾಗಿ ಓದಬೇಕು. ಯಾಕೆಂದರೆ ಖಿನ್ನತೆಯೇ ಮನುಷ್ಯನನ್ನು ಬೀಳಿಸುತ್ತದೆ. ಖಿನ್ನತೆಯಲ್ಲಿ ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಬೆನ್ನು ಬಾಗುತ್ತದೆ, ಊಟ ನಿದ್ದೆ ಕೆಡುತ್ತದೆ. ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಬೀಳುತ್ತಾರೆ ಎಂದಾಗ ಅದರಲ್ಲಿ ಎಷ್ಟು ಮಾತ್ರೆಯದು, ಎಷ್ಟು ಕಾಯಿಲೆಯದು ಎಂದು ಬಿಡಿಸುವುದು ಸುಲಭವಲ್ಲ. 2019ರ ಆರಂಭದ ನನ್ನ ನಡಿಗೆ ನನಗೆ ನೆನಪಿದೆ. ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಗೋಡೆ ಹಿಡಿದು.

ಇದನ್ನು ಓದಿ ಯಾರಾದರೂ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಟ್ಟರೆ ಎಂಬ ಭಯ ನನಗಿದೆ. ದಯವಿಟ್ಟು ಬೇಡ. ಅದನ್ನು ನಾನು ಬೇಕೆಂದು ಮಾಡಿದವಳಲ್ಲ, ಮಳೆ ಮಾಡಿಸಿತು. 2019ರ ಆಗಸ್ಟ್‌ನಲ್ಲಿ ಮತ್ತೆ ಮಳೆ ಕಟ್ಟಿ ಹೊಯ್ದು ನಮ್ಮ ರಸ್ತೆ ಮುಚ್ಚಿತು. ಡಬ್ಬಿಯಲ್ಲಿ ಮಾತ್ರೆ ಮುಗಿದಿತ್ತು. ಎಸಿಟಾಲೋಪ್ರಾಮ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 30 ಗಂಟೆ ಸಾಕು. ಮೂರನೆಯ ದಿನದಿಂದ ಕಣ್ಣುಗುಡ್ಡೆ ಆಚೀಚೆ ಹೊರಳಿಸಿದರೆ ತಲೆಯೊಳಗೆ ಛಳಕ್ ಛಳಕ್ ಎಂದು ಕರೆಂಟು ಹೊಡೆದ ಹಾಗೆ, ನಿಂತರೆ ದೋಣಿಯ ಮೇಲೆ ನಿಂತ ಹಾಗೆ. ವಾಕರಿಕೆ, ಕೆಟ್ಟ ಕನಸು. ಗುಡ್ಡ ಮತ್ತೆ ಅಲುಗುತ್ತಿದೆ ಎಂದುಕೊಂಡು ಎರಡು ರಾತ್ರಿ ಅಂಗಳದಲ್ಲಿ ಕೊಡೆ ಹಿಡಿದು ಕೂತೆ. ಅಲುಗುತ್ತಿದ್ದದ್ದು ನಾನು. ವೆನ್ಲಾಫ್ಯಾಕ್ಸಿನ್, ಪ್ಯಾರೋಕ್ಸೆಟಿನ್‌ನಂಥ ಬೇಗ ಇಳಿಯುವ ಮಾತ್ರೆಗಳಲ್ಲಿ ಇದು ಇನ್ನೂ ಜೋರು. ವಾರಗಟ್ಟಲೆ ದೇಹದಲ್ಲಿ ಉಳಿಯುವ ಫ್ಲೂಯಾಕ್ಸೆಟಿನ್‌ನಲ್ಲಿ ಕಡಿಮೆ. ಮಳೆಗಾಲಕ್ಕೆ ಅಕ್ಕಿ, ಒಣಮೀನು, ಸೌದೆ ಕೂಡಿಡುವ ನಾವು ಇದನ್ನೂ ಒಂದು ತಿಂಗಳಿಗೆ ಹೆಚ್ಚಿಗೆ ತಂದಿಡಬೇಕು.

ಕಡಿಮೆ ಮಾಡುವುದಾದರೂ ವೈದ್ಯರ ಜೊತೆಗೆ, ಮೆಲ್ಲ ಮೆಲ್ಲನೆ. ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ ಎಂಬ ಸಂಶೋಧಕರು 2019ರಲ್ಲಿ ಬರೆದದ್ದನ್ನು ಮಗ ನನಗೆ ಬಿಡಿಸಿ ಹೇಳಿದ. ಪ್ರಮಾಣ ಅರ್ಧಕ್ಕಿಳಿದರೆ ಮಿದುಳಿನ ಮೇಲಿನ ಪರಿಣಾಮವೂ ಅರ್ಧಕ್ಕಿಳಿಯುವುದಿಲ್ಲ. ಮೇಲಿನ ಪ್ರಮಾಣಗಳಲ್ಲಿ ಇಳಿಸಿದರೆ ವ್ಯತ್ಯಾಸ ಸಣ್ಣದು, ಕೊನೆಯ ಕೆಲವು ಮಿಲಿಗ್ರಾಂಗಳಲ್ಲಿ ಭಾರಿ. ನಮ್ಮ ಬರೆ ಇಳಿದ ಹಾಗೆಯೇ. ಮೇಲೆ ಸಾಧಾರಣ ಇಳಿಜಾರು, ತೊರೆಯ ಹತ್ತಿರ ಬಂದಾಗ ಕಡಿದು. ಕೊನೆಯ ಮೆಟ್ಟಿಲುಗಳನ್ನೇ ಸಣ್ಣದಾಗಿ ಕಡಿಯಬೇಕು. ನಾನು ಕೊನೆಯವರೆಗೆ ಹೋಗಿಲ್ಲ, ಹೋಗುವ ಯೋಚನೆಯೂ ಸದ್ಯಕ್ಕಿಲ್ಲ. ಬಿಪಿ ಮಾತ್ರೆ ಬದಲಾಯಿತು, ಸೋಡಿಯಂ ಮೇಲೆ ಬಂತು. ಏಳು ತಿಂಗಳಲ್ಲಿ 20ರಿಂದ 15ಕ್ಕೆ, 15ರಿಂದ 10ಕ್ಕೆ ಇಳಿದು ಅಲ್ಲಿ ನಿಂತಿದ್ದೇನೆ.

ಪಕ್ಕದ ತೋಟದವರ ವಿಷಯ ಹೇಳಲೇಬೇಕು. ಅವರಿಗೆ ತಲೆನೋವಿಗೆಂದು ಹತ್ತಾರು ವರ್ಷದ ಹಿಂದೆ ಯಾರೋ ರಾತ್ರಿ ಒಂದು ಸಣ್ಣ ಮಾತ್ರೆ ಬರೆದಿದ್ದರು. ಈಗಲೂ ನುಂಗುತ್ತಾರೆ. ನನ್ನ ಕಥೆ ಕೇಳಿ ಸ್ಟ್ರಿಪ್ ತಂದು ತೋರಿಸಿದರು: ಅಮಿಟ್ರಿಪ್ಟಿಲಿನ್. ಅದು ಖಿನ್ನತೆಯ ಹಳೆಯ ಮಾತ್ರೆ. ಕಡಿಮೆ ಪ್ರಮಾಣದಲ್ಲಿ ಮೈಗ್ರೇನಿಗೆ, ನರದ ಉರಿಗೆ ಇಂದಿಗೂ ಕೊಡುತ್ತಾರೆ. ಎದ್ದು ನಿಂತಾಗ ರಕ್ತನಾಳ ಬಿಗಿಯುವುದನ್ನು ಅದು ತಡೆಯುತ್ತದೆ, ಮಂಪರು ತರುತ್ತದೆ, ಕಣ್ಣು ಮಂಜಾಗಿಸುತ್ತದೆ. ಈ ಮನುಷ್ಯ ಪ್ರತಿ ಬೇಸಗೆ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಮೂವತ್ತಡಿ ಎತ್ತರದಲ್ಲಿ ಒಳ್ಳೆಮೆಣಸು ಕೊಯ್ಯುತ್ತಾರೆ. “ನಂಗೆಂಥ ಡಿಪ್ರೆಶನ್ ಟೀಚರೇ?” ಎಂದರು, ಬೇಸರದಲ್ಲಿ. ಖಿನ್ನತೆ ಇಲ್ಲ. ಮಾತ್ರೆ ಇದೆ. ಏಣಿಯ ಮೇಲೆ ಎಣಿಕೆಗೆ ಬರುವುದು ಮಾತ್ರೆ. ಈ ವರ್ಷ ಮೆಣಸಿಗೆ ಮೊದಲು ವೈದ್ಯರಿಗೆ ತೋರಿಸುವಂತೆ ಅವರ ಹೆಂಡತಿಯ ಕೈಯಲ್ಲಿ ಮಾತು ತೆಗೆದುಕೊಂಡಿದ್ದೇನೆ.

ಮೈಸೂರಿನ ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿಕೊಟ್ಟದ್ದನ್ನು ನಮ್ಮ ಕಾಫಿ ಕಣದಲ್ಲಿ ಮಾಡುತ್ತೇನೆ. ಸಿಮೆಂಟಿನ ಎರಡು ಚಪ್ಪಡಿ ಕೂಡುವ ಗೆರೆಯ ಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯುವುದು. ಹೆಬ್ಬೆರಳನ್ನು ಕಣ್ಣೆದುರು ಹಿಡಿದು, ದೃಷ್ಟಿ ಕದಲಿಸದೆ ತಲೆ ಮಾತ್ರ ಆಚೀಚೆ ತಿರುಗಿಸುವುದು. ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಮೊದಲ ವಾರ ತೋಟದ ಕೆಲಸದವರಿರುವ ಲೈನ್ ಮನೆಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ನೋಡಿದರು. ನಾಲ್ಕನೆಯ ದಿನ ಅವರಲ್ಲಿ ಹಿರಿಯಳು ಬಂದು ಕೇಳಿದಳು, “ಎಂಥಕ್ಕಮ್ಮ ಇದು?” ಹೇಳಿದೆ. ಮಳೆಯಾದ ಮೇಲೆ ಮನಸ್ಸು ಕೆಟ್ಟಿತ್ತು, ಅದಕ್ಕೆ ಮಾತ್ರೆ ತಗೋತೀನಿ, ಅದರಿಂದ ಕಾಲು ಸ್ವಲ್ಪ ಆಯ ತಪ್ಪಿದೆ. ಇಷ್ಟು ಹೇಳಲು ಆರು ವರ್ಷ ಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ರಾತ್ರಿ ನಿದ್ದೆ ಇಲ್ಲಮ್ಮ, ಆ ಮಳೆಯಿಂದ” ಎಂದಳು. ಮುಂದಿನ ವಾರ ಅವಳನ್ನು ಮಡಿಕೇರಿಗೆ ಕರೆದುಕೊಂಡು ಹೋದೆ. ಮಾತ್ರೆ ಬರೆಯುವ ಮೊದಲು ಅವಳ ಬಿಪಿ ನಿಲ್ಲಿಸಿ ನೋಡಿ ಎಂದು ನಾನೇ ಕೇಳಿದೆ. ನೋಡಿದರು.

ನನ್ನ ಮಾತ್ರೆ ಈಗ ಬಿಪಿ ಮಾತ್ರೆಯ ಪಕ್ಕದಲ್ಲಿ, ಗಡಿಯಾರದ ಕೆಳಗಿನ ಹಲಗೆಯ ಮೇಲಿದೆ. ಬಚ್ಚಲಲ್ಲಿ ಒಂದು ಹಿಡಿಕಂಬಿ ಬಂದಿದೆ. ಬೆಳಿಗ್ಗೆ ಏಳುವಾಗ ಮೊದಲು ಮಂಚದ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಇಪ್ಪತ್ತು ಎಣಿಸುತ್ತೇನೆ.

ಈ ವರ್ಷದ ಹುತ್ತರಿಗೆ ಗದ್ದೆಗೆ ಬರಬೇಡ, ಮನೆಯಲ್ಲೇ ದೀಪ ಹಚ್ಚಿ ಕಾಯಿ ಎಂದರು ನಮ್ಮ ಮನೆಯವರು. ಹೋದೆ. ಬರಿಗಾಲಲ್ಲಿ, ಕೈಯಲ್ಲಿ ಊರುಗೋಲು, ಮೈದುನನ ಮಗಳು ಟಾರ್ಚಿನ ಬೆಳಕನ್ನು ನನ್ನ ಕಾಲಿನ ಮುಂದೆ ಒಂದೊಂದೇ ಹೆಜ್ಜೆಗೆ ಹಾಕುತ್ತಾ ಬಂದಳು. ಹೋದ ವರ್ಷ ಬಿದ್ದ ತಿರುವಿನಲ್ಲಿ ಮುಂದಿದ್ದವರು ತಿರುಗಿ ನೋಡದೆ ಕೈ ಮಾತ್ರ ಹಿಂದಕ್ಕೆ ಚಾಚಿದರು. ಹಿಡಿದು ದಾಟಿದೆ. ಗುಂಡು ಹಾರಿತು, ಪೊಲಿ ಕೂಗಿದರು, ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದರು. ನಾನು ಪಾದಗಳನ್ನು ಅಗಲಿಸಿ, ಕೋಲಿನ ಮೇಲೆ ಎರಡೂ ಕೈಯಿಟ್ಟು, ಕಣ್ಣು ತೆರೆದೇ ನಿಂತೆ. ಎದುರಿಗೆ ಬೆಳದಿಂಗಳಲ್ಲಿ ನಮ್ಮ ಹಿಂದಿನ ಗುಡ್ಡ ಪೂರ್ತಿ ಕಾಣುತ್ತಿತ್ತು. ಜರಿದ ಜಾಗದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು.